ಒಂದೇ ಸ್ವಿಚ್‌ನಲ್ಲಿ ಎರಡು ಇಂಟರ್ನೆಟ್ ಲೈನ್
8 ಪೋರ್ಟಿನ (ಕೇಬಲ್ ಸಿಕ್ಕಿಸುವ ಜಾಗ) ಒಂದೇ ನೆಟ್‌ವರ್ಕ್ ಸ್ವಿಚ್‌ನಲ್ಲಿ ಎರಡು ಇಂಟರ್ನೆಟ್ ಕನೆಕ್ಷನ್ ಬೇರೆಬೇರೆಯಾಗಿ ಇಡಬಹುದಾ ಅಂತ ಕೇಳಿದ್ದೀರಿ. ಇಡಬಹುದು, ಆದರೆ ಸ್ವಿಚ್‌ನಲ್ಲಿ ವಿಲ್ಯಾನ್ (VLAN, ಒಂದೇ ಸ್ವಿಚ್ಚನ್ನು ಬೇರೆಬೇರೆ ನೆಟ್‌ವರ್ಕ್‌ಗಳಾಗಿ ಭಾಗ ಮಾಡುವುದು) ಸೌಲಭ್ಯ ಇರಬೇಕು. ಸಾದಾ ಸ್ವಿಚ್‌ಗೆ ಎರಡೂ ರೂಟರ್ ಸಿಕ್ಕಿಸಿದರೆ ಎರಡೂ ಡಿಎಚ್‌ಸಿಪಿ (DHCP, ಕಂಪ್ಯೂಟರ್‌ಗಳಿಗೆ ತಾನಾಗಿಯೇ ವಿಳಾಸ ಕೊಡುವ ವ್ಯವಸ್ಥೆ) ಮೂಲಕ ಐಪಿ ವಿಳಾಸ ಹಂಚಲು ಶುರು ಮಾಡುತ್ತವೆ, ಯಾವ ಕಂಪ್ಯೂಟರ್ ಯಾವ ಲೈನ್ ಹಿಡಿಯುತ್ತದೋ ದೇವರೇ ಬಲ್ಲ.

1ರಿಂದ 4ನೇ ಪೋರ್ಟ್ ವಿಲ್ಯಾನ್ 10ಕ್ಕೆ, 5ರಿಂದ 7 ವಿಲ್ಯಾನ್ 20ಕ್ಕೆ ಹಾಕಿ, ಎಲ್ಲವೂ ಅನ್‌ಟ್ಯಾಗ್ಡ್ (untagged, ಅಂದರೆ ಹೊರಹೋಗುವ ಡೇಟಾಗೆ ವಿಲ್ಯಾನ್ ಸಂಖ್ಯೆಯ ಗುರುತು ಅಂಟಿಸದೆ). ಒಂದೊಂದು ಗುಂಪಿಗೆ ಒಂದೊಂದು ರೂಟರ್. ಜಾಸ್ತಿ ಜನ ಎಡವುವುದು ಪಿವಿಐಡಿಯಲ್ಲಿ (PVID, ಪೋರ್ಟಿಗೆ ಒಳಬರುವ ಗುರುತಿಲ್ಲದ ಡೇಟಾ ಯಾವ ವಿಲ್ಯಾನ್‌ಗೆ ಸೇರಬೇಕು ಎಂದು ಹೇಳುವ ಸಂಖ್ಯೆ): ಅದನ್ನೂ 10, 20 ಅಂತ ಬದಲಿಸಲೇಬೇಕು, ಇಲ್ಲದಿದ್ದರೆ ಒಳಬರುವ ಟ್ರಾಫಿಕ್ ಮೊದಲಿನಿಂದ ಎಲ್ಲ ಪೋರ್ಟೂ ಸೇರಿರುವ ವಿಲ್ಯಾನ್ 1ಕ್ಕೇ ಹೋಗುತ್ತದೆ. ಆಮೇಲೆ ಆ ಪೋರ್ಟ್‌ಗಳನ್ನು ವಿಲ್ಯಾನ್ 1ರಿಂದ ತೆಗೆಯಿರಿ. 8ನೇ ಪೋರ್ಟನ್ನು ಸುಮ್ನೆ ವಿಲ್ಯಾನ್ 1ರಲ್ಲೇ ಹಾಗೇ ಬಿಡಿ, ಯಾಕಂದ್ರೆ ಕೆಲವು ಸ್ವಿಚ್‌ಗಳ ಸೆಟ್ಟಿಂಗ್ ಪುಟ ವಿಲ್ಯಾನ್ 1ರಿಂದ ಮಾತ್ರ ತೆರೆಯುತ್ತದೆ. ಅಂದಹಾಗೆ, ಒಂದು ಗುಂಪಿನ ಪ್ರಿಂಟರ್ ಇನ್ನೊಂದು ಗುಂಪಿಗೆ ಕಾಣಿಸುವುದಿಲ್ಲ, ಅದು ಪರವಾಗಿಲ್ಲ ಅಲ್ವಾ?