ಸಂಪರ್ಕಕ್ಕೊಂದು ಥ್ರೆಡ್ ಬೇಡ: ಚಾಟ್ ಸರ್ವರಿನ ಸಾಕೆಟ್ ಕ್ಲಾಸ್ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟಿಸಿಪಿ ಚಾಟ್ ಸರ್ವರ್ ಬರೆಯುತ್ತಿರುವವರದು. ಉತ್ತರಗಳು ಲಿನಕ್ಸ್ ಮತ್ತು ಸಿ++ ಹಿಡಿದು ಬರೆದವು. ಬೇರೆ ಭಾಷೆ ಬಳಸುವವರಿಗೆ ಕರೆಗಳ ಹೆಸರು ಬದಲಾದೀತು, ತೊಂದರೆಗಳು ಮಾತ್ರ ಇವೇ.

ಪ್ರಶ್ನೆ: ಈಗ ಪ್ರತಿ ಸಂಪರ್ಕಕ್ಕೂ ಒಂದು ಥ್ರೆಡ್ ಇಟ್ಟಿದ್ದೇನೆ. ಇನ್ನೂರು ಜನ ಸೇರುವಷ್ಟರಲ್ಲಿ ಲಾಕುಗಳ ಗೋಜಲು ಬಿಡಿಸಲಾಗುತ್ತಿಲ್ಲ. ಈವೆಂಟ್ ಆಧಾರಿತ ಸಾಕೆಟ್ ಕ್ಲಾಸ್ ಬರೆಯಬೇಕೆಂದಿದ್ದೇನೆ. ಅದರೊಳಗೆ ಏನೇನಿರಬೇಕು? ಯಾವ ಈವೆಂಟುಗಳನ್ನು ಕೊಡಬೇಕು?

ಉತ್ತರ: ಚಾಟಿನಲ್ಲಿ ಮುಕ್ಕಾಲು ಪಾಲು ಸಂಪರ್ಕಗಳು ಸುಮ್ಮನೆ ಕೂತಿರುತ್ತವೆ. ಹಾಗಾಗಿ ಒಂದೇ ಥ್ರೆಡ್ಡಿನಲ್ಲಿ ಓಡುವ ಎಪೋಲ್ (ಯಾವ ಸಾಕೆಟ್ಟಿನಲ್ಲಿ ಕೆಲಸವಿದೆ ಎಂದು ಹೇಳುವ ಲಿನಕ್ಸ್ ಕರೆ) ಲೂಪ್ ಸಾವಿರಾರು ಜನಕ್ಕೆ ಸಾಕು. ಕೊಠಡಿಗಳ ಪಟ್ಟಿಯನ್ನು ಮುಟ್ಟುವ ಥ್ರೆಡ್ ಒಂದೇ ಆದಮೇಲೆ ಲಾಕಿನ ಮಾತೇ ಬರುವುದಿಲ್ಲ. ಇದೇ ಕೆಲಸದ ಹಳೆಯ ಸೆಲೆಕ್ಟ್ ಕರೆಯ ಕಡೆ ಹೋಗಬೇಡಿ. ಲಿನಕ್ಸಿನಲ್ಲಿ ಅದರ ಮಿತಿ 1024. ಅದನ್ನು ಮೀರಿದ ಡಿಸ್ಕ್ರಿಪ್ಟರನ್ನು (ತೆರೆದ ಸಾಕೆಟ್ ಅಥವಾ ಫೈಲಿಗೆ ಕರ್ನಲ್ ಕೊಡುವ ಸಂಖ್ಯೆ) ಸೇರಿಸಿದರೆ ದೋಷ ಕೂಡ ಹೇಳದೆ ಪಕ್ಕದ ಮೆಮೊರಿಯನ್ನು ಕೆಡಿಸುತ್ತದೆ.

ಕೋಡ್ ಬರೆಯುವ ಮುಂಚೆ ಕೆಲಸ ಹಂಚಿಕೊಳ್ಳಿ. ಎಪೋಲನ್ನು ಕಾಯುವುದು ಲೂಪಿನ ಪಾಲು. ಸಂಪರ್ಕದ, ಅಂದರೆ ಸಾಕೆಟ್, ಕ್ಲಾಸಿನ ಕೈಯಲ್ಲಿ ಒಂದು ಡಿಸ್ಕ್ರಿಪ್ಟರ್, ಒಳಬರುವ ಬಫರ್, ಹೊರಹೋಗುವ ಸಾಲು (ಕಳಿಸಲು ಕಾದಿರುವ ಬೈಟುಗಳು), ಸ್ಥಿತಿ, ಕೊನೆಯ ಬೈಟ್ ಬಂದ ಹೊತ್ತು ಇಷ್ಟಿದ್ದರೆ ಸಾಕು. ಹೆಸರು, ಕೊಠಡಿ, ಅನುಮತಿ ಎಲ್ಲ ಚಾಟ್ ಪದರದಲ್ಲಿರಲಿ. ಸಾಕೆಟ್ ಕ್ಲಾಸಿಗೆ ‘ಕೊಠಡಿ’ ಎಂಬ ಪದವೇ ಗೊತ್ತಿರಬಾರದು. ಸಾಕೆಟ್ ಕ್ಲಾಸಿನಿಂದಲೇ ‘ಬಳಕೆದಾರ’ ಕ್ಲಾಸನ್ನು ಹುಟ್ಟಿಸುವವರು ಬಹಳ ಮಂದಿ. ಒಬ್ಬರೇ ಫೋನು, ಕಂಪ್ಯೂಟರು ಎರಡರಿಂದಲೂ ಬಂದ ದಿನ ಆ ವಿನ್ಯಾಸ ಮುರಿದುಬೀಳುತ್ತದೆ.

ಈವೆಂಟುಗಳು ನಾಲ್ಕು ಸಾಕು: ತೆರೆಯಿತು, ಸಂದೇಶ ಬಂತು, ಸಾಲು ಖಾಲಿಯಾಯಿತು, ಮುಚ್ಚಿತು. ದೋಷಕ್ಕೆಂದು ಬೇರೆ ಈವೆಂಟ್ ಇಡಬೇಡಿ. ‘ಮುಚ್ಚಿತು’ ಎಂಬುದರ ಜೊತೆಗೇ ಕಾರಣವನ್ನು ಕೊಡಿ. ಎರಡಿದ್ದರೆ ದೋಷ ಬಂದಾಗಲೊಮ್ಮೆ, ಮುಚ್ಚಿದಾಗಲೊಮ್ಮೆ ಸ್ವಚ್ಛಗೊಳಿಸುವ ಕೋಡ್ ಓಡಿ, ಹೊರಟವರ ಹೆಸರು ಎರಡು ಸಲ ಅಳಿಯುತ್ತದೆ. ‘ತೆರೆಯಿತು’ ಬಂದ ಪ್ರತಿ ಸಂಪರ್ಕಕ್ಕೂ ‘ಮುಚ್ಚಿತು’ ಒಂದೇ ಒಂದು ಸಲ ಬಂದೇ ಬರುತ್ತದೆ ಎಂಬ ಭರವಸೆಯನ್ನು ಕ್ಲಾಸ್ ಕೊಡಬೇಕು.

ಇನ್ನು ಕೆಲವು ಬಿಡಿ ಸಂಗತಿಗಳು. ಲಿನಕ್ಸಿನಲ್ಲಿ ಕೇಳುವ (ಹೊಸಬರಿಗಾಗಿ ಕಾಯುವ) ಸಾಕೆಟ್ ನಾನ್‌ಬ್ಲಾಕಿಂಗ್ (ಕಾಯಿಸದೆ ಕೂಡಲೇ ಮರಳುವಂಥದ್ದು) ಆಗಿದ್ದರೂ ಅದರಿಂದ ಅಕ್ಸೆಪ್ಟ್ ಆದ ಸಾಕೆಟ್ ಹಾಗಿರುವುದಿಲ್ಲ. ಅಕ್ಸೆಪ್ಟ್4 ಕರೆಗೆ ನಾನ್‌ಬ್ಲಾಕ್ ಗುರುತನ್ನು ನೀವೇ ಕೊಡಬೇಕು. ಸಂಪರ್ಕದ ಆಬ್ಜೆಕ್ಟನ್ನು ಕಾಪಿ ಮಾಡಲು ಬಿಡಬೇಡಿ. ಕಾಪಿಯಾದರೆ ಎರಡು ಡಿಸ್ಟ್ರಕ್ಟರುಗಳು ಒಂದೇ ಡಿಸ್ಕ್ರಿಪ್ಟರನ್ನು ಮುಚ್ಚುತ್ತವೆ, ಎರಡನೆಯ ಸಲ ಮುಚ್ಚುವಾಗ ಆ ಸಂಖ್ಯೆ ಬೇರೆಯವರದಾಗಿರಬಹುದು. ಎಪೋಲನ್ನು ಲೆವೆಲ್ ಟ್ರಿಗರ್ ಕ್ರಮದಲ್ಲೇ ಶುರುಮಾಡಿ, ಅದರಲ್ಲಿ ಬೈಟುಗಳು ಉಳಿದಿರುವಷ್ಟು ಹೊತ್ತೂ ಸುದ್ದಿ ಬರುತ್ತದೆ. ಹೊಸದು ಬಂದಾಗ ಮಾತ್ರ ಹೇಳುವ ಎಡ್ಜ್ ಟ್ರಿಗರಿನಲ್ಲಿ ‘ಇಎಗೇನ್’ (ಸದ್ಯ ಏನೂ ಇಲ್ಲ) ಬರುವವರೆಗೆ ಓದಲೇಬೇಕು, ನಡುವೆ ಬಿಟ್ಟರೆ ಉಳಿದ ಬೈಟುಗಳ ಸುದ್ದಿ ಮತ್ತೆ ಬರದೆ ಸಂಪರ್ಕ ನಿಂತೇಬಿಡುತ್ತದೆ. ಕಾಲ್‌ಬ್ಯಾಕ್ (ಈವೆಂಟ್ ಬಂದಾಗ ಓಡುವ ನಿಮ್ಮ ಫಂಕ್ಷನ್) ಒಳಗೆ ಡೇಟಾಬೇಸ್ ಕೇಳುವುದು, ಹೋಸ್ಟ್ ಹೆಸರು ಹುಡುಕುವುದು ಸಲ್ಲ. ಅಂಥ ಒಂದು ಕರೆ 200 ಮಿಲಿಸೆಕೆಂಡ್ ಹಿಡಿದರೆ ಅಷ್ಟು ಹೊತ್ತು ಎಲ್ಲರ ಚಾಟೂ ನಿಂತಿರುತ್ತದೆ. ಆ ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಟ್ಟು, ಮುಗಿದಾಗ ಈವೆಂಟ್‌ಎಫ್‌ಡಿ ಎಂಬ ಸುದ್ದಿ ಮುಟ್ಟಿಸುವ ಡಿಸ್ಕ್ರಿಪ್ಟರ್ ಮೂಲಕ ಲೂಪನ್ನು ಎಬ್ಬಿಸಿ.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಸರ್ವರ್, ಕ್ಲೈಂಟ್ ಎರಡನ್ನೂ ಓಡಿಸಿದರೆ ಎಲ್ಲ ಸರಿ. ಬೇರೆ ಬೇರೆ ಯಂತ್ರದಲ್ಲಿಟ್ಟರೆ ಎರಡು ಸಂದೇಶ ಅಂಟಿಕೊಂಡು ಬರುತ್ತವೆ, ಉದ್ದದ್ದು ತುಂಡಾಗುತ್ತದೆ, ಕೆಲವೊಮ್ಮೆ ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಕಾಣುತ್ತದೆ. ಪ್ಯಾಕೆಟ್ ಕಳೆದುಹೋಗುತ್ತಿದೆಯೇ?

ಉತ್ತರ: ಏನೂ ಕಳೆದಿಲ್ಲ. ಟಿಸಿಪಿ ಕೊಡುವುದು ಬೈಟುಗಳ ಹರಿವು. ನೀವು ಮೂರು ಸಲ ಸೆಂಡ್ ಮಾಡಿದ್ದು ಆ ಕಡೆ ಒಂದೇ ರಿಸೀವ್‌ನಲ್ಲಿ ಬರಬಹುದು, ಒಂದು ಸೆಂಡ್ ಐದು ತುಂಡಾಗಿಯೂ ಬರಬಹುದು. ಕ್ರಮ ಮಾತ್ರ ತಪ್ಪುವುದಿಲ್ಲ. ನಿಮ್ಮ ಯಂತ್ರದೊಳಗಿನ ಲೂಪ್‌ಬ್ಯಾಕಿನ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಲಿನಕ್ಸಿನಲ್ಲಿ 65,536 ಬೈಟ್, ಈಥರ್ನೆಟ್ಟಿನದು ಸಾಮಾನ್ಯವಾಗಿ 1,500. ಮನೆಯೊಳಗೆ ತಪ್ಪು ಅಡಗಿದ್ದು ಅದಕ್ಕೇ.

ಪ್ರತಿ ಸಂದೇಶದ ಮುಂದೆ 4 ಬೈಟಿನಲ್ಲಿ ಅದರ ಉದ್ದ ಬರೆಯಿರಿ, ನೆಟ್‌ವರ್ಕ್ ಬೈಟ್ ಕ್ರಮದಲ್ಲಿ (ದೊಡ್ಡ ಬೆಲೆಯ ಬೈಟ್ ಮೊದಲು). ‘ನಮಸ್ಕಾರ’ ಎಂಬುದನ್ನೇ ತೆಗೆದುಕೊಳ್ಳಿ. ಕಣ್ಣಿಗೆ ನಾಲ್ಕಕ್ಷರ. ಯೂನಿಕೋಡಿನಲ್ಲಿ ನ, ಮ, ಸ, ವಿರಾಮ, ಕ, ದೀರ್ಘದ ಗುರುತು, ರ ಹೀಗೆ 7 ಸಂಕೇತ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್, ಒಟ್ಟು 21. ಉದ್ದದ ಜಾಗದಲ್ಲಿ ಬರೆಯಬೇಕಾದ್ದು 21. ನಾಲ್ಕೂ ಅಲ್ಲ, ಏಳೂ ಅಲ್ಲ. ಉದ್ದದ 4 ಬೈಟಿನ ತಲೆಬರಹ ಸೇರಿ 25 ಬೈಟ್ ಹೊರಡುತ್ತವೆ. ಆ ಕಡೆ ಮೊದಲ ರಿಸೀವ್‌ಗೆ 12 ಬೈಟ್ ಸಿಕ್ಕಿತೆನ್ನಿ: 4 ಉದ್ದದ್ದು, 6 ‘ನಮ’, ಉಳಿದ 2 ‘ಸ’ಕಾರದ ಮೊದಲೆರಡು ಬೈಟ್. ಅದನ್ನು ಆಗಲೇ ಪಠ್ಯವಾಗಿ ಬದಲಿಸಿದರೆ ಮೂರನೆಯ ಬೈಟಿಲ್ಲದ ‘ಸ’ ಪ್ರಶ್ನೆ ಚಿಹ್ನೆಯಾಗುತ್ತದೆ. ನಿಮಗೆ ಕಂಡದ್ದು ಇದೇ.

ಆದ್ದರಿಂದ ಬಂದ ಬೈಟುಗಳನ್ನು ಬಫರಿನ ಕೊನೆಗೆ ಸೇರಿಸಿ, ಆಮೇಲೆ ಒಂದು ಲೂಪ್ ಓಡಿಸಿ. 4 ಬೈಟ್ ಇಲ್ಲದಿದ್ದರೆ ನಿಲ್ಲಿಸಿ. ಇದ್ದರೆ ಉದ್ದ ಓದಿ. ಅದು ಸೊನ್ನೆಯಾಗಿದ್ದರೆ ಅಥವಾ ನೀವಿಟ್ಟ ಮಿತಿಯನ್ನು (ಚಾಟಿಗೆ 64 ಕೆಬಿ ಧಾರಾಳ) ಮೀರಿದ್ದರೆ ಸಂಪರ್ಕ ಮುಚ್ಚಿ. ಈ ಪರೀಕ್ಷೆ ಮೆಮೊರಿ ತೆಗೆದುಕೊಳ್ಳುವ ಮುಂಚೆಯೇ ಆಗಬೇಕು, ಇಲ್ಲದಿದ್ದರೆ ಯಾರೋ ನಾಲ್ಕು ಬೈಟ್ ಕಳಿಸಿ ನಿಮ್ಮಿಂದ 4 ಜಿಬಿ ಕೇಳಿಸುತ್ತಾರೆ. ಪೂರ್ತಿ ಸಂದೇಶ ಬಂದಿಲ್ಲವಾದರೆ ನಿಲ್ಲಿಸಿ. ಬಂದಿದ್ದರೆ ಕಾಲ್‌ಬ್ಯಾಕಿಗೆ ಕೊಟ್ಟು, ಓದಿದ ಜಾಗದ ಗುರುತನ್ನು ಮುಂದೆ ಸರಿಸಿ. ಕಾಲ್‌ಬ್ಯಾಕಿನಿಂದ ಮರಳಿದ ಮೇಲೆ ಸಂಪರ್ಕ ಇನ್ನೂ ತೆರೆದಿದೆಯೇ ಎಂದು ನೋಡಿಯೇ ಮುಂದಿನ ಸುತ್ತು, ಏಕೆಂದರೆ ಆ ಸಂದೇಶ ‘ನಾನು ಹೊರಟೆ’ ಎಂಬುದೇ ಆಗಿದ್ದಿರಬಹುದು.

ಉದ್ದದ ಬದಲು ಪಠ್ಯದ ಸಾಲಿನ ಕೊನೆಯನ್ನೇ ಗುರುತಾಗಿ ಬಳಸಬಹುದು. 1993ರ ಐಆರ್‌ಸಿ (ಹಳೆಯ ಚಾಟ್ ವ್ಯವಸ್ಥೆ) ನಿಯಮದಲ್ಲಿ ಹಾಗೇ ಇದೆ, ಸಾಲಿನ ಕೊನೆಯ ಎರಡು ಬೈಟೂ ಸೇರಿ 512 ಬೈಟ್ ಮಿತಿ. ಟೆಲ್‌ನೆಟ್ಟಿನಿಂದಲೇ ಪರೀಕ್ಷಿಸಲು ಬರುವುದು ಅದರ ದೊಡ್ಡ ಅನುಕೂಲ. ಯಾವ ದಾರಿ ಹಿಡಿದರೂ ಒಂದು ಪರೀಕ್ಷೆ ತಪ್ಪಿಸಬೇಡಿ: ರಿಸೀವ್‌ಗೆ ಕೊಡುವ ಗಾತ್ರವನ್ನು 1 ಬೈಟ್ ಮಾಡಿ ಸರ್ವರ್ ಓಡಿಸಿ. ನಿಧಾನವಾದೀತು, ಆದರೆ ಒಂದು ಸಂದೇಶವೂ ಕೆಡಬಾರದು.

ಪ್ರಶ್ನೆ: ಯಾರೂ ಮಾತಾಡದಿದ್ದರೂ ಸರ್ವರ್ ಒಂದು ಕೋರಿನ ಶೇ 100ರಷ್ಟು ತಿನ್ನುತ್ತದೆ. ಏಕೆ?

ಉತ್ತರ: ಪ್ರೋಗ್ರಾಂ ಕರ್ನಲ್ಲಿಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಚ್ಚಿ ಒಂದೆರಡು ಸೆಕೆಂಡ್ ನೋಡಿ; ಎಪೋಲ್ ವೇಯ್ಟ್ ಕ್ಷಣವೂ ನಿಲ್ಲದೆ ಮರಳುತ್ತಿರುವುದು ಕಾಣುತ್ತದೆ. ಕಾರಣ ಹೆಚ್ಚಾಗಿ ಬರೆಯುವ ಈವೆಂಟ್, ಅಂದರೆ ಎಪೋಲ್‌ಔಟ್. ಕರ್ನಲ್ಲಿನ ಕಳಿಸುವ ಬಫರಿನಲ್ಲಿ ಸದಾ ಜಾಗವಿರುವುದರಿಂದ ‘ಬರೆಯಬಹುದು, ಬರೆಯಬಹುದು’ ಎಂದು ಅದು ಹೇಳುತ್ತಲೇ ಇರುತ್ತದೆ. ಮೊದಲು ನೇರ ಸೆಂಡ್ ಮಾಡಿ. ಪೂರ್ತಿ ಹೋಗದಿದ್ದರೆ ಮಾತ್ರ ಉಳಿದದ್ದನ್ನು ಸಾಲಿಗೆ ಹಾಕಿ ಆ ಈವೆಂಟ್ ಕೇಳಿ, ಸಾಲು ಖಾಲಿಯಾದ ಕೂಡಲೇ ತೆಗೆಯಿರಿ.

ಅದಲ್ಲವಾದರೆ ರಿಸೀವ್ ಸೊನ್ನೆ ಕೊಟ್ಟಾಗ, ಅಂದರೆ ಆ ಕಡೆಯವರು ಮುಚ್ಚಿದಾಗ, ನೀವು ಮುಚ್ಚುತ್ತಿಲ್ಲ. ಮೂರನೆಯದು ಅಪರೂಪ, ಆದರೆ ಜನ ತುಂಬಿದ ಹೊತ್ತಿನಲ್ಲೇ ಬರುವಂಥದ್ದು: ಡಿಸ್ಕ್ರಿಪ್ಟರುಗಳು ಮುಗಿದು ಅಕ್ಸೆಪ್ಟ್ ‘ಇಎಂಫೈಲ್’ ಎನ್ನುತ್ತದೆ, ಬಾಗಿಲಲ್ಲಿ ನಿಂತವರು ಅಲ್ಲೇ ಇರುವುದರಿಂದ ಈವೆಂಟ್ ಮತ್ತೆ ಮತ್ತೆ ಬರುತ್ತದೆ. ಯೂಲಿಮಿಟ್ (ಒಂದು ಪ್ರೋಗ್ರಾಂ ತೆರೆಯಬಹುದಾದ ಡಿಸ್ಕ್ರಿಪ್ಟರುಗಳ ಮಿತಿ) ಹೆಚ್ಚಿಸಿ, ಅನೇಕ ಕಡೆ ಅದು 1024ರಲ್ಲೇ ಇರುತ್ತದೆ. ಜೊತೆಗೆ ಡೆವ್-ನಲ್ ಫೈಲನ್ನು ತೆರೆದು ಒಂದು ಡಿಸ್ಕ್ರಿಪ್ಟರನ್ನು ಕಾಯ್ದಿರಿಸಿ. ಕೊರತೆ ಬಂದಾಗ ಅದನ್ನು ಮುಚ್ಚಿ, ಹೊಸ ಸಂಪರ್ಕವನ್ನು ಅಕ್ಸೆಪ್ಟ್ ಮಾಡಿ, ತಕ್ಷಣ ಮುಚ್ಚಿ, ಮತ್ತೆ ಕಾಯ್ದಿರಿಸಿಕೊಳ್ಳಿ.

ಪ್ರಶ್ನೆ: ಕೆಲವೊಮ್ಮೆ ಸರ್ವರ್ ಕಾರಣವಿಲ್ಲದೆ ಬೀಳುತ್ತದೆ. ಇನ್ನೂ ಭಯದ ಸಂಗತಿಯೆಂದರೆ, ಆಗಷ್ಟೇ ಬಂದವರನ್ನು ಒಂದೆರಡು ಸಲ ತಾನಾಗಿಯೇ ಹೊರಹಾಕಿತು.

ಉತ್ತರ: ಏನೂ ಬರೆದಿಡದೆ ಬೀಳುತ್ತಿದ್ದರೆ ಮೊದಲ ಅನುಮಾನ ಸಿಗ್‌ಪೈಪ್ ಮೇಲೆ. ಆ ಕಡೆಯವರು ಮುಚ್ಚಿದ ಸಾಕೆಟ್ಟಿಗೆ ಬರೆದರೆ ಆ ಸಿಗ್ನಲ್ ಇಡೀ ಪ್ರೋಗ್ರಾಮನ್ನೇ ಕೊಲ್ಲುತ್ತದೆ. ಸೆಂಡ್‌ಗೆ ನೋಸಿಗ್ನಲ್ ಗುರುತು ಕೊಟ್ಟರೆ ಅದರ ಬದಲು ‘ಇಪೈಪ್’ ದೋಷ ಸಿಗುತ್ತದೆ.

ಎರಡನೆಯದು ಸೂಕ್ಷ್ಮ. ಎಪೋಲ್ ಒಂದೇ ಕಂತಿನಲ್ಲಿ 7, 4, 9 ಎಂಬ ಮೂರು ಡಿಸ್ಕ್ರಿಪ್ಟರುಗಳ ಸುದ್ದಿ ತಂದಿತೆನ್ನಿ. 4 ಕೇಳುವ ಸಾಕೆಟ್. 7ರಿಂದ ಬಂದ ಸಂದೇಶವನ್ನು ಕೊಠಡಿಗೆಲ್ಲ ಹಂಚುವಾಗ 9ಕ್ಕೆ ಬರೆಯಲಾಗದೆ ದೋಷ ಬಂತು. ನಿಮ್ಮ ಕೋಡ್ ಅಲ್ಲೇ 9ನ್ನು ಮುಚ್ಚಿ ಆಬ್ಜೆಕ್ಟನ್ನು ಅಳಿಸಿತು. ಹಂಚುತ್ತಿದ್ದ ಫಾರ್ ಲೂಪಿನ ಕಾಲ ಕೆಳಗಿನ ಪಟ್ಟಿಯೇ ಬದಲಾಯಿತು, ಬೀಳುವುದಕ್ಕೆ ಅಷ್ಟೇ ಸಾಕು. ಬೀಳದೆ ಉಳಿದರೆ ಮುಂದಿನದು 4: ಹೊಸಬರೊಬ್ಬರು ಬಂದರು. ಖಾಲಿ ಇರುವ ಅತಿ ಚಿಕ್ಕ ಸಂಖ್ಯೆಯನ್ನೇ ಕರ್ನಲ್ ಕೊಡುವುದರಿಂದ ಅವರಿಗೆ ಸಿಕ್ಕಿದ್ದು 9. ಈಗ ಕಂತಿನ ಮೂರನೆಯ ಸುದ್ದಿ ‘9 ಮುಚ್ಚಿಹೋಗಿದೆ’. ಅದು ಹಳಬರ ಸುದ್ದಿ, ಹೊರಬಿದ್ದವರು ಹೊಸಬರು.

ಮುಚ್ಚುವ ಕರೆ ಸ್ಥಿತಿಯನ್ನಷ್ಟೇ ಬದಲಿಸಲಿ, ಆಬ್ಜೆಕ್ಟನ್ನು ‘ಹೊರಟವರ’ ಪಟ್ಟಿಗೆ ಸೇರಿಸಲಿ. ‘ಮುಚ್ಚಿತು’ ಈವೆಂಟ್, ಡಿಸ್ಕ್ರಿಪ್ಟರ್ ಮುಚ್ಚುವುದು, ಆಬ್ಜೆಕ್ಟ್ ಅಳಿಸುವುದು ಈ ಮೂರೂ ಇಡೀ ಕಂತು ಮುಗಿದ ಮೇಲೆ. ಸೆಂಡ್ ಕರೆಯ ಒಳಗಿಂದ ಎಂದೂ ‘ಮುಚ್ಚಿತು’ ಕಾಲ್‌ಬ್ಯಾಕನ್ನು ಕರೆಯಬೇಡಿ. ಡೇಟಾಬೇಸ್ ಥ್ರೆಡ್ಡಿನಿಂದ ಉತ್ತರ ತಡವಾಗಿ ಬರುವ ಕಡೆ ಇಷ್ಟೂ ಸಾಲದು: ಅಲ್ಲಿಗೆ ಪಾಯಿಂಟರ್ ಕೊಡದೆ, ಪ್ರತಿ ಸಂಪರ್ಕಕ್ಕೂ ಏರುತ್ತಾ ಹೋಗುವ 64 ಬಿಟ್ ಕ್ರಮಸಂಖ್ಯೆ ಕೊಡಿ. ಉತ್ತರ ಬಂದಾಗ ಆ ಸಂಖ್ಯೆ ಕೋಷ್ಟಕದಲ್ಲಿ ಇಲ್ಲವಾದರೆ ಉತ್ತರವನ್ನು ಎಸೆದರಾಯಿತು.

ಪ್ರಶ್ನೆ: ನಿಧಾನ ನೆಟ್‌ವರ್ಕಿನ ಒಬ್ಬ ಸದಸ್ಯರಿಂದ ಸರ್ವರಿನ ಮೆಮೊರಿ ಏರುತ್ತಲೇ ಹೋಗುತ್ತದೆ. ಮಿತಿ ಎಷ್ಟಿಡಲಿ?

ಉತ್ತರ: ಲೆಕ್ಕ ನಿಮ್ಮ ಮೆಮೊರಿಯಿಂದ ಶುರುವಾಗಲಿ. ಸಂಪರ್ಕಕ್ಕೆ 1 ಎಂಬಿ ಸಾಲು ಎಂದರೆ 2,000 ಜನರಿಗೆ ಕೆಟ್ಟ ಹೊತ್ತಿನಲ್ಲಿ 2 ಜಿಬಿ. 256 ಕೆಬಿ ದಾಟಿದಾಗ ‘ಟೈಪ್ ಮಾಡುತ್ತಿದ್ದಾರೆ’ ಎಂಬಂಥ ಹಗುರ ಸುದ್ದಿಗಳನ್ನು ಬಿಟ್ಟುಬಿಡಿ, 1 ಎಂಬಿ ದಾಟಿದರೆ ಸಂಪರ್ಕ ಕಡಿಯಿರಿ. ಕಡಿಯುವುದು ಒರಟು ಎನ್ನಿಸಬಹುದು. ಮರಳಿ ಬಂದಾಗ ಕೊನೆಯ 50 ಸಂದೇಶ ಕೊಟ್ಟರೆ ಅವರಿಗೆ ನಷ್ಟವೇನೂ ಇಲ್ಲ. ಐನೂರು ಜನಕ್ಕೆ ಹಂಚುವ ಸಂದೇಶವನ್ನು ಐನೂರು ಸಲ ಕಾಪಿ ಮಾಡುತ್ತಿದ್ದರೆ ನಿಲ್ಲಿಸಿ. ಒಮ್ಮೆ ತಲೆಬರಹ ಸಮೇತ ಸಿದ್ಧಮಾಡಿ, ಪ್ರತಿ ಸಾಲಿಗೂ ಶೇರ್ಡ್ ಪಾಯಿಂಟರ್ ಹಾಗೂ ಎಲ್ಲಿಯವರೆಗೆ ಹೋಗಿದೆ ಎಂಬ ಗುರುತು ಹಾಕಿದರೆ ಸಾಕು.

ಪ್ರಶ್ನೆ: ಫೋನಿನ ಸಿಗ್ನಲ್ ಹೋದವರು ಗಂಟೆಗಟ್ಟಲೆ ‘ಆನ್‌ಲೈನ್’ ಎಂದೇ ಕಾಣುತ್ತಾರೆ. ಕೀಪ್‌ಅಲೈವ್ ಹಾಕಿದ್ದೇನಲ್ಲ?

ಉತ್ತರ: ಲಿನಕ್ಸಿನ ಕೀಪ್‌ಅಲೈವ್ (ಆ ಕಡೆ ಇನ್ನೂ ಇದೆಯೇ ಎಂದು ಟಿಸಿಪಿ ತಟ್ಟಿ ನೋಡುವುದು) ಮೊದಲ ಬಾರಿ ತಟ್ಟುವುದೇ 7,200 ಸೆಕೆಂಡ್ ಮೌನದ ನಂತರ, ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ. ಒಟ್ಟು 2 ಗಂಟೆ 11 ನಿಮಿಷ 15 ಸೆಕೆಂಡ್. ಅದನ್ನು ಇಳಿಸಬಹುದು, ಆದರೆ ಚಾಟ್ ಪದರದಲ್ಲೇ ಪಿಂಗ್ ಇಡುವುದು ಮೇಲು, ಆ ಕಡೆಯ ಪ್ರೋಗ್ರಾಂ ಜೀವಂತವಾಗಿದೆಯೇ ಎಂಬುದೂ ತಿಳಿಯುತ್ತದೆ. 30 ಸೆಕೆಂಡಿಗೊಮ್ಮೆ ಪಿಂಗ್, 90 ಸೆಕೆಂಡ್ ಒಂದು ಬೈಟೂ ಬಾರದಿದ್ದರೆ ಮುಚ್ಚಿ. ಹೊತ್ತು ಅಳೆಯಲು ಸ್ಟೆಡಿ ಕ್ಲಾಕ್ ಬಳಸಿ. ಗೋಡೆ ಗಡಿಯಾರದಂಥದ್ದನ್ನು ಬಳಸಿದರೆ ಯಾರಾದರೂ ಸಮಯ ತಿದ್ದಿದ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಬೀಳುತ್ತಾರೆ.

ಪ್ರಶ್ನೆ: ಸರ್ವರ್ ನಿಲ್ಲಿಸಿ ಮತ್ತೆ ಓಡಿಸಿದರೆ ವಿಳಾಸ ಬಳಕೆಯಲ್ಲಿದೆ ಎನ್ನುತ್ತದೆ.

ಉತ್ತರ: ಹಳೆಯ ಸಂಪರ್ಕಗಳು ಟೈಮ್-ವೇಯ್ಟ್ (ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಉಳಿಯುವ) ಸ್ಥಿತಿಯಲ್ಲಿವೆ, ಲಿನಕ್ಸಿನಲ್ಲಿ 60 ಸೆಕೆಂಡ್. ಬೈಂಡ್ ಮಾಡುವ ಮುಂಚೆ ರಿಯೂಸ್-ಅಡ್ರೆಸ್ ಆಯ್ಕೆ ಹಾಕಿ.

ಪ್ರಶ್ನೆ: ‘ನಿಮ್ಮನ್ನು ತೆಗೆದುಹಾಕಲಾಗಿದೆ’ ಎಂಬ ಕೊನೆಯ ಸಂದೇಶ ಕಳಿಸಿ ಕೂಡಲೇ ಮುಚ್ಚುತ್ತೇನೆ. ಅರ್ಧ ಸಲ ಅದು ತಲುಪುವುದೇ ಇಲ್ಲ.

ಉತ್ತರ: ನೀವು ಮುಚ್ಚುವಾಗ ಅವರು ಕಳಿಸಿದ ಬೈಟುಗಳು ಓದದೆ ಉಳಿದಿದ್ದರೆ ಕರ್ನಲ್ ಸಾಧಾರಣ ವಿದಾಯದ ಬದಲು ರೀಸೆಟ್ ಕಳಿಸುತ್ತದೆ. ರೀಸೆಟ್ ಕಂಡ ಆ ಕಡೆಯ ಕರ್ನಲ್, ಪ್ರೋಗ್ರಾಂ ಇನ್ನೂ ಓದಿರದ ನಿಮ್ಮ ಸಂದೇಶವನ್ನೂ ಎಸೆಯಬಹುದು. ತೆಗೆದುಹಾಕಲ್ಪಡುವವರು ಸಾಮಾನ್ಯವಾಗಿ ಜೋರಾಗಿ ಬರೆಯುತ್ತಲೇ ಇರುವವರಾದ್ದರಿಂದ ಇದು ಅವರಿಗೇ ಹೆಚ್ಚು ಆಗುತ್ತದೆ. ಸ್ಥಿತಿಯನ್ನು ‘ಮುಚ್ಚುತ್ತಿದೆ’ ಎಂದು ಮಾಡಿ, ಹೊರಸಾಲು ಖಾಲಿಯಾಗುವವರೆಗೆ ಕಾಯಿರಿ. ಆಮೇಲೆ ಶಟ್‌ಡೌನ್ ಕರೆಯಿಂದ ಬರೆಯುವ ಬದಿಯನ್ನಷ್ಟೇ ಮುಚ್ಚಿ, ಬರುತ್ತಿರುವುದನ್ನು ಓದಿ ಎಸೆಯುತ್ತಾ ಇರಿ. ರಿಸೀವ್ ಸೊನ್ನೆ ಕೊಟ್ಟಾಗ ಅಥವಾ 5 ಸೆಕೆಂಡ್ ಕಳೆದಾಗ, ಯಾವುದು ಮೊದಲೋ ಆಗ, ಡಿಸ್ಕ್ರಿಪ್ಟರನ್ನು ಮುಚ್ಚಿ.