ಕೆಳಗಿನ ಮನೆಯ ಟಿವಿ, ಪಕ್ಕದ ಮನೆಯ ಕತ್ತರಿ

ತಮ್ಮಾ,

ನಿನ್ನ ಪತ್ರ ಓದಿ ಮೊದಲು ನಕ್ಕೆ. ಹೊಸದಾಗಿ ಬಂದವರು ನನ್ನನ್ನು ಕೇಳೋದು ತೊಗರಿಬೇಳೆ ಎಲ್ಲಿ ಸಿಗುತ್ತೆ, ಒಹಾಯೋ ಡ್ರೈವಿಂಗ್ ಟೆಸ್ಟ್‌ನಲ್ಲಿ ಕೋನ್‌ಗಳ ನಡುವೆ ಕಾರು ಹಿಂದಕ್ಕೆ ತೆಗೆಯೋದು ಹೇಗೆ, ಇಂಥದ್ದು. ನಿನ್ನ ಪ್ರಶ್ನೆಯೇ ಬೇರೆ. ಕೊಲಂಬಸ್‌ನಲ್ಲಿ ನೀನು ಬಾಡಿಗೆಗೆ ಇರುವ ಮಹಡಿಯ ಕೆಳಗೆ ಮಾಲೀಕರೇ ಇದ್ದಾರೆ, ಎಪ್ಪತ್ತು ದಾಟಿದ ಗಂಡ ಹೆಂಡತಿ. ಸಂಜೆ 6ರಿಂದ ರಾತ್ರಿ 11ರವರೆಗೆ ಫಾಕ್ಸ್ ನ್ಯೂಸ್ ಎಂಬ ಬಲಪಂಥೀಯ ಸುದ್ದಿ ಚಾನೆಲ್ ಓಡುತ್ತದೆ. ಬಾಡಿಗೆ ಚೆಕ್ ಕೊಡಲು ಹೋದಾಗ ಯಜಮಾನರು "ನೀನೂ ಇವರನ್ನು ಕೇಳು, ಈ ದೇಶ ಅರ್ಥವಾಗುತ್ತೆ" ಅಂದರಂತೆ. ಆಫೀಸಿನಲ್ಲಿ ಅದೇ ಚಾನೆಲ್ ಹೆಸರು ಎತ್ತಿದರೆ ಅರ್ಧ ಜನ ಮುಖ ಸಿಂಡರಿಸುತ್ತಾರೆ. ಈ ಕನ್ಸರ್ವೇಟಿವ್ ಮಾತುಗಾರರು, ಅಂಕಣಕಾರರೆಲ್ಲ ಯಾರು, ನಮ್ಮಂಥವರನ್ನು ಕಂಡರೆ ಆಗದವರಾ, ಯಾರನ್ನಾದರೂ ಓದಬೇಕಾ, ಅಭಿಪ್ರಾಯ ಕೇಳಿದರೆ ಏನನ್ನಲಿ ಅಂತ ಕೇಳಿದ್ದೀಯ. ಕೊನೆಗೆ ಚಿಕ್ಕದಾಗಿ, ಟಿವಿ ಸೌಂಡ್ ಕಡಿಮೆ ಮಾಡಿ ಅನ್ನಬಹುದಾ ಅಂತಲೂ ಬರೆದಿದ್ದೀಯ.

ನಾನು ಅರಸೀಕೆರೆಯಿಂದ ಬಂದ ಎಂಜಿನಿಯರ್. ರಾಜಕೀಯ ಓದಿಕೊಂಡವನಲ್ಲ. ಈ ಜನರ ಪರಿಚಯ ನನಗಾದದ್ದು ನಮ್ಮ ಪಕ್ಕದ ಮನೆಯ ಅಜ್ಜನಿಂದ. ಅವರ ಕಥೆ ಹೇಳಿದರೆ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ನಾನು ಆಕ್ರನ್‌ಗೆ ಬಂದದ್ದು 1998ರಲ್ಲಿ. ಇದು ಟೈರ್ ಊರು. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಎಲ್ಲ ಬೆಳೆದದ್ದು ಇಲ್ಲೇ. ಅಜ್ಜ ಟೈರ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಬೇಸಿಗೆಯಲ್ಲಿ ಗ್ಯಾರೇಜ್ ಬಾಗಿಲು ಮೇಲೆತ್ತಿ, ಹುಲ್ಲು ಕತ್ತರಿಸುವ ಮೆಷಿನ್ ಬಿಚ್ಚಿಕೊಂಡು ಕೂರುತ್ತಿದ್ದರು. ಬೆಂಚಿನ ಮೇಲೆ ಹಳೇ ರೇಡಿಯೋ. ಬ್ಯಾಟರಿ ಮುಚ್ಚಳ ಕಳೆದುಹೋಗಿ ಟೇಪ್ ಸುತ್ತಿದ್ದರು. ಮಧ್ಯಾಹ್ನ 12 ಹೊಡೆಯಿತೋ, ರಾಜಕೀಯ ಮಾತಾಡುವ ರೇಡಿಯೋ ಮಾತುಗಾರ ರಶ್ ಲಿಂಬಾ ಶುರು. ಮೂರು ಗಂಟೆವರೆಗೆ ಬಿಡುವೇ ಇಲ್ಲ.

ನಮ್ಮೂರ ಗಣಪತಿ ಪೆಂಡಾಲಿನಲ್ಲಿ ಹರಿಕಥೆ ಕೇಳಿದ್ದೀಯಲ್ವಾ? ದಾಸರು ಒಂದು ಪ್ರಸಂಗ ಹಿಡಿದು, ನಡುವೆ ಉಪಕಥೆ, ನಡುವೆ ಅಣಕ, ನಡುವೆ ಹಾಡು ಹಾಕಿ ರಾತ್ರಿ ಎಳೆಯುತ್ತಾರೆ. ಲಿಂಬಾ ಮಾಡುತ್ತಿದ್ದದ್ದು ಅದೇ ವರಸೆ. ಮೈಕ್ ಮುಂದೆ ಕಾಗದ ಸರಸರ ಅನ್ನಿಸೋದು, ಎದುರಾಳಿಯ ದನಿ ಅಣಕಿಸೋದು, ಅಣಕು ಹಾಡು ಹಾಕೋದು. ನನಗೆ ಆಗ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ಅಜ್ಜ ನಗುವಾಗ ಸುಮ್ನೆ ನಗುತ್ತಿದ್ದೆ. ಆಮೇಲೆ ಅರ್ಥವಾದ ಮೇಲೆ ಎಷ್ಟೋ ಸಲ ನಗು ಬರಲಿಲ್ಲ, ಅದು ಬೇರೆ ವಿಷಯ.

ಈ ರೇಡಿಯೋ ಕಲೆ ಹುಟ್ಟಲು ಒಂದು ಕಾನೂನಿನ ಕಾರಣವಿದೆ. 1949ರಿಂದ ಇಲ್ಲಿ ರೇಡಿಯೋ, ಟಿವಿ ಕೇಂದ್ರಗಳು ವಿವಾದದ ವಿಷಯ ಎತ್ತಿಕೊಂಡರೆ ಎರಡೂ ಕಡೆಗೆ ಜಾಗ ಕೊಡಬೇಕು ಎಂಬ ನಿಯಮ ಇತ್ತು. 1987ರಲ್ಲಿ ಅದನ್ನು ತೆಗೆದುಹಾಕಿದರು. ಮರುವರ್ಷವೇ, 1988ರ ಆಗಸ್ಟ್‌ನಲ್ಲಿ, ಲಿಂಬಾ ದೇಶಕ್ಕೆಲ್ಲ ಮಾತಾಡಲು ಶುರು ಮಾಡಿದರು. ಹಾಡು ಕೇಳುವವರೆಲ್ಲ ಎಫ್‌ಎಂಗೆ ಹೋಗಿ ಎಎಂ ಕೇಂದ್ರಗಳು ಖಾಲಿ ಹೊಡೆಯುತ್ತಿದ್ದ ಕಾಲ. ಮುಂದೆ 600ಕ್ಕೂ ಹೆಚ್ಚು ಕೇಂದ್ರಗಳು ಅವರನ್ನು ಹಾಕಿಕೊಂಡವು. 2001ರಲ್ಲಿ ಅವರ ಕಿವಿ ಪೂರ್ತಿ ಹೋಯಿತು. ಕಿವಿಯೊಳಗೆ ಯಂತ್ರ ಕೂರಿಸಿಕೊಂಡು 2021ರಲ್ಲಿ ತೀರಿಕೊಳ್ಳುವ ತನಕ ಮಾತಾಡಿದರು.

ಅಜ್ಜನಿಗೆ ಇನ್ನೊಂದು ಚಟವಿತ್ತು, ಕತ್ತರಿ. ಬೆಳಗಿನ ಪೇಪರ್‌ನಲ್ಲಿ ಜಾರ್ಜ್ ವಿಲ್ ಅವರ ಅಂಕಣ ಬಂದ ದಿನ ಅದನ್ನು ಕತ್ತರಿಸಿ, ಪೆನ್ಸಿಲ್‌ನಲ್ಲಿ ಗೆರೆ ಎಳೆದು, ನಮ್ಮ ಜಾಲರಿ ಬಾಗಿಲ ಸಂದಿಗೆ ಸಿಕ್ಕಿಸಿ ಹೋಗುತ್ತಿದ್ದರು. ಮೇಲ್‌ಬಾಕ್ಸ್‌ಗೆ ಯಾಕೆ ಹಾಕುತ್ತಿರಲಿಲ್ಲ ಗೊತ್ತಾ? ಸ್ಟಾಂಪ್ ಇಲ್ಲದ ಕಾಗದ ಅದರೊಳಗೆ ಹಾಕುವುದು ಇಲ್ಲಿ ಕಾನೂನಿಗೆ ವಿರುದ್ಧ. ನೀನೂ ಯುಗಾದಿ ಆಹ್ವಾನ ಪತ್ರಿಕೆ ಅಲ್ಲಿ ತುರುಕಬೇಡ.

ಜಾರ್ಜ್ ವಿಲ್ ವಾಷಿಂಗ್ಟನ್ ಪೋಸ್ಟ್‌ಗೆ 1974ರಿಂದ ಬರೆಯುತ್ತಿದ್ದಾರೆ. 1977ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ವಾಷಿಂಗ್ಟನ್‌ನಲ್ಲಿ ಬರೆದದ್ದು ಆಕ್ರನ್‌ನ ಅಡುಗೆಮನೆಗೆ ಬಂದದ್ದು ಹೇಗೆ ಅಂದರೆ, ಇಲ್ಲಿ ಸಿಂಡಿಕೇಟ್ ಅಂತ ವ್ಯವಸ್ಥೆ ಇದೆ. ಅಂಕಣ ಒಂದೇ, ದುಡ್ಡು ಕೊಟ್ಟು ನೂರಾರು ಊರಿನ ಪೇಪರ್‌ಗಳು ಹಾಕಿಕೊಳ್ಳುತ್ತವೆ. ವಿಲ್ ಬರಹದ ಮೊದಲ ತುಂಡು ಸಿಕ್ಕಿದಾಗ ನಾನು ಡಿಕ್ಷನರಿ ತೆಗೆದು ಕೂತೆ. ಒಂದು ಪ್ಯಾರಾಗೆ ನಾಲ್ಕು ಗೊತ್ತಿಲ್ಲದ ಪದ. ಸಂವಿಧಾನ, ಹಳೇ ತೀರ್ಪು, ನಡುವೆ ಬೇಸ್‌ಬಾಲ್. ಬೇಸ್‌ಬಾಲ್ ಸೀಸನ್ ಶುರುವಾಗುವಾಗ ಓದುಗರಿಗೆ ಅದರದ್ದೇ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಅಜ್ಜ ಅದಕ್ಕೆ ಉತ್ತರ ಬರೆದು ನನ್ನ ಹತ್ತಿರ ಮಾರ್ಕ್ಸ್ ಹಾಕಿಸಿಕೊಳ್ಳುತ್ತಿದ್ದರು. ಬೇಸ್‌ಬಾಲ್‌ನ ತಲೆಬುಡ ತಿಳಿಯದ ನನ್ನ ಹತ್ತಿರ!

ಮಧ್ಯಾಹ್ನ ಲಿಂಬಾ, ಬೆಳಿಗ್ಗೆ ವಿಲ್. ಇಬ್ಬರೂ ಒಂದೇ ರಿಪಬ್ಲಿಕನ್ ಪಕ್ಷದ ಕಡೆ, ಇಬ್ಬರೂ ಕನ್ಸರ್ವೇಟಿವ್. ಆದರೆ ಕಸುಬು ಬೇರೆ ಬೇರೆ ಅಂತ ನನಗೆ ಹೊಳೆದದ್ದು ಆ ಗ್ಯಾರೇಜಿನಲ್ಲೇ. ಬರೆಯುವವನು ಒಂದು ವಾದ ಕಟ್ಟಿ ನಿನ್ನ ಮುಂದಿಟ್ಟು ಹೋಗುತ್ತಾನೆ. ನೀನು ಗೆರೆ ಎಳೆಯಬಹುದು, ಪಕ್ಕದಲ್ಲಿ "ಸುಳ್ಳು" ಅಂತ ಬರೆಯಬಹುದು. ಅಜ್ಜ ಎಷ್ಟೋ ಸಲ ಹಾಗೆ ಬರೆದಿದ್ದರು. ಮೂರು ಗಂಟೆ ಮಾತಾಡುವವನಿಗೆ ನೀನು ಎದ್ದು ಹೋಗದಿದ್ದರೆ ಸಾಕು.

ಕನ್ಸರ್ವೇಟಿವ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಮಡಿ ಸೀರೆಯ ಅಜ್ಜಿ. ಇಲ್ಲಿ ಅದೊಂದು ಚೀಲ. ತೆರಿಗೆ ಕಡಿಮೆ ಇರಲಿ, ಸರ್ಕಾರ ಚಿಕ್ಕದಿರಲಿ, ಬಂದೂಕು ಇಟ್ಟುಕೊಳ್ಳುವ ಹಕ್ಕು, ಚರ್ಚಿನ ನಂಬಿಕೆ, ಗರ್ಭಪಾತಕ್ಕೆ ವಿರೋಧ, ಎಲ್ಲ ಅದರೊಳಗಿವೆ. ಒಬ್ಬೊಬ್ಬರ ಚೀಲದಲ್ಲಿ ಒಂದೊಂದು ಜಾಸ್ತಿ. ಚೀಲ ಹೊಲಿದವರು ಅಂದರೆ ವಿಲಿಯಂ ಬಕ್ಲಿ. 1955ರಲ್ಲಿ ನ್ಯಾಷನಲ್ ರಿವ್ಯೂ ಪತ್ರಿಕೆ ಶುರು ಮಾಡಿದರು, 1966ರಿಂದ ಮೂವತ್ತಮೂರು ವರ್ಷ ಟಿವಿಯಲ್ಲಿ ಎದುರಾಳಿಗಳನ್ನು ಕೂರಿಸಿಕೊಂಡು ವಾದ ಮಾಡಿದರು. ಇನ್ನೊಂದು, ಇಲ್ಲಿ ಕೆಂಪು ಅಂದರೆ ರಿಪಬ್ಲಿಕನ್. 2000ದ ಚುನಾವಣೆಯ ಟಿವಿ ನಕ್ಷೆಗಳಿಂದ ಹಾಗೇ ನಿಂತುಬಿಟ್ಟಿದೆ. ಕೆಂಪು ಬಾವುಟ ಅಂದರೆ ಕಮ್ಯುನಿಸ್ಟರು ಎಂದುಕೊಂಡು ಬಂದ ನಾನು ಮೊದಲ ಚುನಾವಣೆಯ ರಾತ್ರಿ ಪೂರ್ತಿ ತಲೆಕೆಳಗಾಗಿ ನೋಡಿದ್ದೆ.

2016ರಲ್ಲಿ ನಮ್ಮ ಅಜ್ಜನ ಮನೆಯಲ್ಲೇ ಈ ಚೀಲ ಹರಿಯಿತು. ಆ ವರ್ಷದ ಜನವರಿಯಲ್ಲಿ ನ್ಯಾಷನಲ್ ರಿವ್ಯೂ ಒಂದು ವಿಶೇಷ ಸಂಚಿಕೆಯನ್ನೇ ಟ್ರಂಪ್ ವಿರುದ್ಧ ತಂದಿತು. ಜೂನ್‌ನಲ್ಲಿ ವಿಲ್ ರಿಪಬ್ಲಿಕನ್ ಪಕ್ಷವನ್ನೇ ಬಿಟ್ಟರು. ಲಿಂಬಾ ಟ್ರಂಪ್ ಕಡೆ ನಿಂತರು. ಅಜ್ಜ ರೇಡಿಯೋ ಆರಿಸಿಕೊಂಡರು. "ವಿಲ್‌ಗೆ ತಲೆ ಕೆಟ್ಟಿದೆ" ಅಂದರು, ಅಷ್ಟೇ. ಹದಿನೆಂಟು ವರ್ಷ ಬಾಗಿಲ ಸಂದಿಯಲ್ಲಿ ಸಿಗುತ್ತಿದ್ದ ಕಾಗದ ನಿಂತಿತು. ನಿಜ ಹೇಳಬೇಕೆಂದರೆ ನನಗೆ ಬೇಜಾರಾಯಿತು. ವಿಲ್ ಮೇಲಿನ ಪ್ರೀತಿಗಲ್ಲ. ಕತ್ತರಿ ಹಿಡಿದ ಕೈ ಸುಮ್ಮನಾಯಿತಲ್ಲ ಅಂತ.

ಈಗ ನಿನ್ನ ಕೆಳಗಿನ ಮನೆಯ ಟಿವಿಗೆ ಬರ್ತೀನಿ. ಫಾಕ್ಸ್ ನ್ಯೂಸ್ ಶುರುವಾದದ್ದು 1996ರ ಅಕ್ಟೋಬರ್‌ನಲ್ಲಿ. ದುಡ್ಡು ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ ಅವರದ್ದು, ತಲೆ ರಾಜರ್ ಏಲ್ಸ್ ಅವರದ್ದು. 6ಕ್ಕೆ ಬರುವ ಬ್ರೆಟ್ ಬೇಯರ್ ಅವರದ್ದು ಸುದ್ದಿ ಕಾರ್ಯಕ್ರಮ. ಅದನ್ನು ಧಾರಾಳವಾಗಿ ನೋಡು. 7ಕ್ಕೆ ಲಾರಾ ಇಂಗ್ರಹಾಂ, 8ಕ್ಕೆ ಜೆಸ್ಸಿ ವಾಟರ್ಸ್, 9ಕ್ಕೆ ಶಾನ್ ಹ್ಯಾನಿಟಿ, ಇವೆಲ್ಲ ಅಭಿಪ್ರಾಯ. ರಾತ್ರಿ 10ಕ್ಕೆ ಕೆಳಗಿನಿಂದ ಜೋರು ನಗು ಕೇಳುತ್ತೆ ಅಂತ ಬರೆದಿದ್ದೀಯಲ್ಲ, ಅದು ಗ್ರೆಗ್ ಗುಟ್‌ಫೆಲ್ಡ್, ತಮಾಷೆ ಕಾರ್ಯಕ್ರಮ.

ಒಂದು ಸಂಗತಿ ಮಾತ್ರ ನೆನಪಿಟ್ಟುಕೊ. 2020ರ ಚುನಾವಣೆಯಲ್ಲಿ ಮತಯಂತ್ರ ಮೋಸ ಮಾಡಿತು ಅಂತ ಈ ಚಾನೆಲ್‌ನಲ್ಲಿ ಮಾತು ಬಂತು. ಯಂತ್ರ ಮಾಡುವ ಡೊಮಿನಿಯನ್ ಕಂಪನಿ ಕೇಸು ಹಾಕಿತು. ಕೇಸಿನಲ್ಲಿ ಹೊರಬಂದ ಮೆಸೇಜುಗಳನ್ನು ನೋಡಿದರೆ, ಅಲ್ಲಿನ ದೊಡ್ಡ ಹೆಸರಿನವರೇ ಆ ಮಾತನ್ನು ಒಳಗೊಳಗೆ ನಂಬಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಫಾಕ್ಸ್ 78 ಕೋಟಿ 75 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ವಾರ ಕಳೆಯುವುದರೊಳಗೆ ಅವರ ದೊಡ್ಡ ತಾರೆ ಟಕರ್ ಕಾರ್ಲ್‌ಸನ್ ಹೊರಗೆ. ಕಾರಣ ಚಾನೆಲ್ ಹೇಳಲಿಲ್ಲ. ಇದನ್ನು ಯಜಮಾನರ ಮುಂದೆ ಎತ್ತಬೇಡ, ನಿನ್ನ ತಲೆಯಲ್ಲಿರಲಿ.

ಇನ್ನು ನಿನ್ನನ್ನು ಕಾಡುತ್ತಿರುವ ಪ್ರಶ್ನೆ. ಇವರಿಗೆ ನಾವು ಆಗೋದಿಲ್ವಾ?

ಇಲ್ಲಿ ಚೀಲ ಸರಿಯಾಗಿ ಎರಡು ತುಂಡು. ವಾಲ್ ಸ್ಟ್ರೀಟ್ ಜರ್ನಲ್‌ನ ಸಂಪಾದಕೀಯ ಪುಟ ದೇಶದ ಅತಿ ಹೆಸರಾದ ಕನ್ಸರ್ವೇಟಿವ್ ಪುಟಗಳಲ್ಲಿ ಒಂದು. ಅದು 1984ರಲ್ಲೇ ಗಡಿಗಳು ತೆರೆದಿರಲಿ ಅಂತ ಸಂವಿಧಾನಕ್ಕೆ ತಿದ್ದುಪಡಿ ತನ್ನಿ ಅಂದಿತ್ತು. ವ್ಯಾಪಾರಕ್ಕೆ ಜನ ಬೇಕು ಅನ್ನೋದು ಅವರ ಲೆಕ್ಕ. ಇನ್ನೊಂದು ತುಂಡು ಇಂಗ್ರಹಾಂ, ಟ್ರಂಪ್ ಅವರ ಹಳೇ ಸಲಹೆಗಾರ ಸ್ಟೀವ್ ಬ್ಯಾನನ್ ಥರದವರು. ಹೊರಗಿನವರು ಬಂದರೆ ಇಲ್ಲಿನವರ ಸಂಬಳ ಇಳಿಯುತ್ತದೆ ಅನ್ನುತ್ತಾರೆ. ಹೊರಗಿನ ನುರಿತ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾ ಪಡೆಯುವ ಹತ್ತರಲ್ಲಿ ಏಳಕ್ಕೂ ಹೆಚ್ಚು ಜನ ಭಾರತದವರು. ಹಾಗಾಗಿ ಆ ಮಾತು ಯಾರ ಕಡೆಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಎಲಾನ್ ಮಸ್ಕ್, ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಟಿಕೆಟ್ ಕೇಳಿದ್ದ ಭಾರತ ಮೂಲದ ವಿವೇಕ್ ರಾಮಸ್ವಾಮಿ ಒಂದು ಕಡೆ, ಬ್ಯಾನನ್ ಬಳಗ ಇನ್ನೊಂದು ಕಡೆ ನಿಂತು ಇದೇ ವೀಸಾಕ್ಕೆ ಬಹಿರಂಗವಾಗಿ ಕಿತ್ತಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂತು. ನವೆಂಬರ್‌ನಲ್ಲಿ ಇಂಗ್ರಹಾಂ ಟ್ರಂಪ್ ಅವರನ್ನೇ ಕೂರಿಸಿಕೊಂಡು ಈ ವೀಸಾ ಬಗ್ಗೆ ಪಟ್ಟು ಹಿಡಿದರು. ಹೊರಗಿನ ಪ್ರತಿಭೆಯೂ ಬೇಕಾಗುತ್ತದೆ ಅಂತ ಟ್ರಂಪ್ ಎದುರು ವಾದಿಸಿದರು. ನೋಡು, ಗುರುವೇ ಒಂದು ಕಡೆ, ಶಿಷ್ಯೆ ಇನ್ನೊಂದು ಕಡೆ.

ನಮ್ಮ ಮೂಲದವರೂ ಈ ಸಾಲಿನಲ್ಲಿದ್ದಾರೆ. ಮುಂಬೈಯಲ್ಲಿ ಹುಟ್ಟಿದ ದಿನೇಶ್ ಡಿಸೋಜಾ ಮಾತಿನಮಲ್ಲ. ಕಾನ್ಸಾಸ್‌ನಲ್ಲಿ ಬೆಳೆದ ರಮೇಶ್ ಪೊನ್ನೂರು ನ್ಯಾಷನಲ್ ರಿವ್ಯೂನಲ್ಲಿ ಬಹಳ ಕಾಲದಿಂದ ತಣ್ಣಗೆ ಬರೆಯುತ್ತಾರೆ. ನನಗೆ ಪೊನ್ನೂರು ಇಷ್ಟ. ಆದರೆ ಆ ಬಳಗದಲ್ಲಿದ್ದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುತ್ತದೆ ಅಂದುಕೊಳ್ಳಬೇಡ. 2024ರಲ್ಲಿ ಕನ್ಸರ್ವೇಟಿವ್ ಲೇಖಕಿ ಆನ್ ಕೋಲ್ಟರ್, ರಾಮಸ್ವಾಮಿ ಅವರ ಸ್ವಂತ ಪಾಡ್‌ಕಾಸ್ಟ್‌ನಲ್ಲೇ ಕೂತು, ನಿನ್ನ ಮಾತು ಒಪ್ಪುತ್ತೇನೆ, ಆದರೆ ನೀನು ಇಂಡಿಯನ್, ವೋಟು ಹಾಕುತ್ತಿರಲಿಲ್ಲ ಅಂದರು. ಮುಖದ ಮೇಲೇ.

ನಮ್ಮ ಅಜ್ಜನೂ ರೇಡಿಯೋ ಕೇಳಿ ವಲಸೆ ಬಂದವರನ್ನು ಬೈಯುತ್ತಿದ್ದರು. ಒಂದು ದಿನ ನಾನು ಏಣಿ ಕೇಳಲು ಹೋದೆ. ಬೈಗುಳದ ಮಧ್ಯೆ ನನ್ನ ಮುಖ ನೋಡಿ, "ನಿನ್ನ ವಿಷಯ ಅಲ್ಲ ನಾನು ಹೇಳಿದ್ದು" ಅಂದರು. ಏಣಿ ತಾವೇ ಹೊತ್ತು ತಂದು, ನಾನು ಮೇಲಿದ್ದಷ್ಟು ಹೊತ್ತೂ ಕೆಳಗೆ ಹಿಡಿದು ನಿಂತರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಏಣಿ ಹಿಡಿದದ್ದೂ ಮರೆತಿಲ್ಲ. ಮತ್ತೆ, ಬೆಂಗಳೂರಿನಲ್ಲಿ ನಮ್ಮ ಚಿಕ್ಕಪ್ಪ ಹೊರರಾಜ್ಯದವರನ್ನು ಬೈದು, ಕೆಳಗಿನ ಮನೆ ಬಿಹಾರಿ ಹುಡುಗನಿಗೆ "ನಿನಗಲ್ಲಪ್ಪ" ಅಂದದ್ದನ್ನೂ ಈ ಕಿವಿಯಲ್ಲೇ ಕೇಳಿದ್ದೇನೆ.

ಯಾರನ್ನು ಓದಲಿ ಅಂದೆ. ಪೆಗ್ಗಿ ನೂನನ್‌ರಿಂದ ಶುರು ಮಾಡು. ಜರ್ನಲ್‌ನಲ್ಲಿ ವಾರಕ್ಕೊಂದು ಅಂಕಣ. ಅಧ್ಯಕ್ಷರಾಗಿದ್ದ ರೇಗನ್‌ಗೆ ಭಾಷಣ ಬರೆದುಕೊಡುತ್ತಿದ್ದವರು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ದಿನದ ಭಾಷಣ ಅವರದ್ದೇ. ಡಿಕ್ಷನರಿ ಬೇಕಾಗುವುದಿಲ್ಲ. ನಂಬಿಕೆ, ಮಕ್ಕಳು ಕಡಿಮೆ ಹುಟ್ಟುತ್ತಿರುವುದು, ಇಂಥದ್ದಕ್ಕೆ ನ್ಯೂಯಾರ್ಕ್ ಟೈಮ್ಸ್‌ನ ರಾಸ್ ಡೌದಟ್. 2009ರಲ್ಲಿ ಇನ್ನೂ ಮೂವತ್ತಾಗುವ ಮೊದಲೇ ಅಲ್ಲಿ ಅಂಕಣ ಶುರು ಮಾಡಿದವರು. ವಿಲ್ ಬೇಕಿದ್ದರೆ ಆಮೇಲೆ. ಲೈಬ್ರರಿ ಕಾರ್ಡ್ ಮಾಡಿಸಿಕೊ, ಎಲ್ಲದಕ್ಕೂ ಚಂದಾ ಕಟ್ಟುತ್ತಾ ಕೂತರೆ ಊರಿಗೆ ಕಳಿಸೋದೇನು?

ನಿನ್ನ ಅಭಿಪ್ರಾಯ ಕೇಳಿದರೆ, ಆಫೀಸಿನಲ್ಲಿ ತಪ್ಪಿಸಿಕೊ. ಫೇಸ್‌ಬುಕ್‌ನಲ್ಲಿ ಅಂತೂ ಬೇಡವೇ ಬೇಡ, ವೀಸಾ ಕೊಡುವವರು ಈಗ ಅದನ್ನೂ ನೋಡುತ್ತಾರೆ. ಯಜಮಾನರು ಕೇಳಿದರೆ ತಿರುಗಿ ಕೇಳು: ಇವರನ್ನು ಎಷ್ಟು ವರ್ಷದಿಂದ ನೋಡ್ತಿದ್ದೀರಿ, ಮೊದಲು ಯಾರನ್ನು ಓದುತ್ತಿದ್ದಿರಿ ಅಂತ. ಅರ್ಧ ಗಂಟೆ ಅವರೇ ಮಾತಾಡುತ್ತಾರೆ. ಕಾಫಿಯೂ ಸಿಗಬಹುದು, ನೀರು ನೀರು.

2018ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ನಮ್ಮ ಜಾಲರಿ ಬಾಗಿಲಲ್ಲಿ ಮತ್ತೆ ಕಾಗದ ಇತ್ತು. ಎರಡು ವರ್ಷದ ಮೇಲೆ. ಚಾರ್ಲ್ಸ್ ಕ್ರೌಟ್‌ಹ್ಯಾಮರ್ ಓದುಗರಿಗೆ ಬರೆದ ಕೊನೆಯ ಪತ್ರ. ಮೆಡಿಕಲ್ ಓದುವಾಗ ಈಜುಕೊಳಕ್ಕೆ ಹಾರಿ ಕುತ್ತಿಗೆ ಮುರಿದುಕೊಂಡವರು, ಗಾಲಿಕುರ್ಚಿಯಲ್ಲೇ ಮನೋವೈದ್ಯರಾಗಿ, ಆಮೇಲೆ ಅಂಕಣಕಾರರಾದವರು. ಅವರೂ ಟ್ರಂಪ್ ಅವರನ್ನು ಸುಮ್ಮನೆ ಬಿಟ್ಟಿರಲಿಲ್ಲ, ಚೆನ್ನಾಗಿ ಟೀಕಿಸಿದ್ದರು. ಇನ್ನು ಕೆಲವೇ ವಾರ ಬದುಕುತ್ತೇನೆ, ವಿಷಾದವಿಲ್ಲದೆ ಹೊರಡುತ್ತೇನೆ ಅಂತ ಅದರಲ್ಲಿತ್ತು. ಎರಡು ವಾರದಲ್ಲಿ ಹೋಗಿಬಿಟ್ಟರು. ಅಜ್ಜ ಅದರಲ್ಲಿ ಎಲ್ಲೂ ಗೆರೆ ಎಳೆದಿರಲಿಲ್ಲ. ಕತ್ತರಿಸಿದ ಅಂಚು ಮಾತ್ರ ಸೊಟ್ಟಗಿತ್ತು, ಕೈ ನಡುಗಲು ಶುರುವಾಗಿತ್ತು. ಅದು ಅವರು ಕೊಟ್ಟ ಕೊನೆಯ ತುಂಡು.

ಹಾಂ, ಟಿವಿ ಸೌಂಡ್. ಕೇಳು, ತಪ್ಪೇನಿಲ್ಲ. ವಯಸ್ಸಾದವರು, ಕಿವಿ ಮಂದ ಇರಬಹುದು. ಬರಿಗೈಯಲ್ಲಿ ಹೋಗಬೇಡ, ಅಮ್ಮ ಕಳಿಸಿದ ಕೋಡುಬಳೆ ನಾಲ್ಕು ತಗೊಂಡು ಹೋಗು. 9ಕ್ಕೆ ಮುಂಚೆ ಹೋಗು. ಹ್ಯಾನಿಟಿ ಶುರುವಾದ ಮೇಲೆ ಬಾಗಿಲು ಬಡಿದರೆ ಅವರಿಗೆ ಕೇಳಿಸೋದೂ ಇಲ್ಲ.