ಕ್ರಿಯಾಟಿನಿನ್ ಏರಿತೆಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಬೇಕೇ?

ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಆರಂಭಿಸಿದ ಮೇಲೆ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ತ್ಯಾಜ್ಯ) 1.2ರಿಂದ 1.4ಕ್ಕೆ ಏರಿದೆ, ಕಿಡ್ನಿ ಉಳಿಸಿಕೊಳ್ಳಲು ಮಾತ್ರೆ ನಿಲ್ಲಿಸಲೇ ಅಥವಾ ಬೇರೆ ಮಾತ್ರೆಗೆ ಹೋಗಲೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಒಮ್ಮೆ ನನ್ನ ಮುಂದೆಯೂ ಇತ್ತು. ನಾನು ಯಾರನ್ನೂ ಕೇಳಲಿಲ್ಲ, ಮಾತ್ರೆ ನಿಲ್ಲಿಸಿಬಿಟ್ಟೆ.

ಆಗ ನನ್ನ ರಕ್ತದೊತ್ತಡ 160/100ರ ಆಸುಪಾಸಿನಲ್ಲಿತ್ತು. ತಲೆನೋವಿಲ್ಲ, ಸುಸ್ತಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ವೈದ್ಯರು ನಿಮಗೆ ಕೊಟ್ಟ ವರ್ಗದ್ದೇ ಮಾತ್ರೆಯನ್ನು ಬರೆದುಕೊಟ್ಟು, ಕೆಲವು ವಾರಗಳ ನಂತರ ರಕ್ತಪರೀಕ್ಷೆ ಮಾಡಿಸಲು ಹೇಳಿದರು. ವರದಿಯಲ್ಲಿ ಕ್ರಿಯಾಟಿನಿನ್ 1.3ರಿಂದ 1.5ಕ್ಕೆ ಏರಿತ್ತು; ಅಂಕಿಯ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೆಚ್ಚು’ ಎಂದು ಮುದ್ರಿಸಿದ್ದರು. ಮಾತ್ರೆ ಕಿಡ್ನಿಯನ್ನು ತಿನ್ನುತ್ತದೆ ಎಂದು ಎಷ್ಟೋ ಜನರ ಬಾಯಲ್ಲಿ ಕೇಳಿದ್ದ ಮಾತಿಗೆ ಕಣ್ಣೆದುರೇ ಪುರಾವೆ ಸಿಕ್ಕಂತಾಯಿತು. ನಿಲ್ಲಿಸಿದೆ. ಮತ್ತೆ ಪರೀಕ್ಷೆ ಮಾಡಿಸಿದಾಗ ಅಂಕಿ 1.3ಕ್ಕೆ ಇಳಿದಿತ್ತು. ನನ್ನನ್ನು ಕೆಡಿಸಿದ್ದು ಈ ಎರಡನೆಯ ವರದಿ. ಅದು ಏರಿಯೇ ಇದ್ದಿದ್ದರೆ ಬಹುಶಃ ವೈದ್ಯರ ಬಳಿ ಹೋಗುತ್ತಿದ್ದೆ. ಇಳಿದದ್ದರಿಂದ ನನ್ನ ತೀರ್ಮಾನವೇ ಸರಿಯೆಂದು ನಂಬಿ ವರ್ಷಗಟ್ಟಲೆ ನೆಮ್ಮದಿಯಿಂದ ಇದ್ದುಬಿಟ್ಟೆ.

ಆ ಅಂಕಿ ಏಕೆ ಇಳಿಯಿತು ಎಂಬುದನ್ನು ನೀವು ಈಗಲೇ ತಿಳಿದುಕೊಳ್ಳಬೇಕು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಪ್ರತಿ ಮೂತ್ರಪಿಂಡದಲ್ಲಿ ಸರಿಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ಒಂದೊಂದರ ತುದಿಯಲ್ಲೂ ಗ್ಲೋಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಗಂಟು ಜರಡಿಯಂತೆ ರಕ್ತವನ್ನು ಸೋಸುತ್ತದೆ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಆ ಗಂಟಿಗೆ ರಕ್ತ ತರುವ ಕಿರುಧಮನಿ ಒಂದು, ಅಲ್ಲಿಂದ ಒಯ್ಯುವ ಕಿರುಧಮನಿ ಇನ್ನೊಂದು. ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಒಯ್ಯುವ ನಾಳವನ್ನೇ ಹೆಚ್ಚಾಗಿ ಬಿಗಿಯುವುದರಿಂದ ಗಂಟಿನೊಳಗೆ ಒತ್ತಡ ಏರುತ್ತದೆ, ಸೋಸುವಿಕೆ ಜೋರಾಗುತ್ತದೆ, ಕ್ರಿಯಾಟಿನಿನ್ ತಗ್ಗಿ ಕಾಣುತ್ತದೆ. ಆದರೆ ಆ ಒತ್ತಡದಲ್ಲೇ ಜರಡಿಯ ಪೊರೆ ಹಾಳಾಗಿ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ, ಗಂಟುಗಳು ಒಂದೊಂದಾಗಿ ಗಾಯಗೊಂಡು ಮುಚ್ಚಿಹೋಗುತ್ತವೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಮುಂತಾದವು ಈ ಬಿಗಿತವನ್ನು ಸಡಿಲಿಸುತ್ತವೆ. ಒಳಗಿನ ಒತ್ತಡ ಇಳಿದಾಗ ಸೋಸುವಿಕೆಯೂ ತುಸು ತಗ್ಗಿ ಕ್ರಿಯಾಟಿನಿನ್ ಕೊಂಚ ಏರುತ್ತದೆ. ನಾನು ಹಾನಿಯೆಂದು ತಿಳಿದದ್ದು ಮಾತ್ರೆ ತನ್ನ ಕೆಲಸ ಮಾಡುತ್ತಿದ್ದ ಗುರುತಾಗಿತ್ತು. ಮಾತ್ರೆ ಬಿಟ್ಟಾಗ ಗಂಟುಗಳ ಮೇಲೆ ಮತ್ತೆ ಅದೇ ಒತ್ತಡ ಬಿತ್ತು, ಸೋಸುವಿಕೆ ಮತ್ತೆ ಜೋರಾಯಿತು, ವರದಿ ಚೆನ್ನಾಗಿ ಕಂಡಿತು.

ಈ ಮಾತ್ರೆ ಆರಂಭಿಸಿದಾಗ ಕ್ರಿಯಾಟಿನಿನ್ ಶೇ 30ರವರೆಗೆ ಏರಿ ಅಲ್ಲಿಗೇ ನಿಂತರೆ, ಈ ಮಾತ್ರೆ ಏರಿಸಬಹುದಾದ ರಕ್ತದ ಪೊಟ್ಯಾಸಿಯಂ ಹಿಡಿತದಲ್ಲಿದ್ದರೆ, ವೈದ್ಯರು ಮಾತ್ರೆಯನ್ನು ಮುಂದುವರಿಸುತ್ತಾರೆ. ನನ್ನ ಏರಿಕೆ ಶೇ 15ರಷ್ಟಿತ್ತು; ನಿಮ್ಮದು ಶೇ 17ರಷ್ಟು.

ಮುಂದೆ ನನಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಎಕೋ ಪರೀಕ್ಷೆಯಲ್ಲಿ ತಂತ್ರಜ್ಞರು ತೆರೆಯ ಮೇಲೆ ಹೃದಯದ ಎಡ ಕೆಳಕೋಣೆಯ ಗೋಡೆಯ ಎರಡು ಅಂಚುಗಳಲ್ಲಿ ಪುಟ್ಟ ಗುರುತುಗಳನ್ನಿಟ್ಟು ಅಳೆದರು: 10 ಮಿಲಿಮೀಟರ್ ಆಸುಪಾಸಿನಲ್ಲಿರಬೇಕಾದದ್ದು 14 ಇತ್ತು. ಅಷ್ಟೂ ಕಾಲ ಹೆಚ್ಚಿನ ಒತ್ತಡದ ವಿರುದ್ಧ ರಕ್ತವನ್ನು ತಳ್ಳಿ ತಳ್ಳಿ ಆ ಸ್ನಾಯು ದಪ್ಪಗಾಗಿತ್ತು. ಅದೇ ವಾರ ಮೊದಲ ಬಾರಿಗೆ ಮೂತ್ರದ ಅಲ್ಬುಮಿನ್ ಪರೀಕ್ಷೆಯೂ ಆಯಿತು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಮೀರಬಾರದ ಅಂಕಿ 900 ದಾಟಿತ್ತು. ಬೆಳಿಗ್ಗೆ ಮೂತ್ರದಲ್ಲಿ ನಿಲ್ಲುತ್ತಿದ್ದ ನೊರೆಯನ್ನು ನಾನು ಬಹಳ ಕಾಲದಿಂದ ನೋಡುತ್ತಲೇ ಇದ್ದೆ, ಅದಕ್ಕೊಂದು ಅರ್ಥವಿದೆ ಎಂದು ಗೊತ್ತಿರಲಿಲ್ಲ. ರಕ್ತದ ಕ್ರಿಯಾಟಿನಿನ್ 2.4 ಆಗಿತ್ತು, ಈ ಸಲ ಯಾವ ಮಾತ್ರೆಯೂ ಇಲ್ಲದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಾತ್ರೆಯೋ ಕಿಡ್ನಿಯೋ ಎಂಬ ಆಯ್ಕೆ ನಿಮ್ಮ ಮುಂದಿಲ್ಲ. ಇನ್ನೊಂದು ಮಾತು: ನೀವು ಡಯಾಲಿಸಿಸ್‌ಗೆ ಹೆದರಿದ್ದೀರಿ, ನಾನೂ ಹೆದರಿದ್ದೆ, ಆದರೆ ಮೂತ್ರಪಿಂಡದ ಕಾಯಿಲೆಯಿರುವ ಬಹಳ ಮಂದಿ ಆ ಹಂತ ಮುಟ್ಟುವ ಮೊದಲೇ ಹೃದಯದ ತೊಂದರೆಯಿಂದ ತೀರಿಕೊಳ್ಳುತ್ತಾರೆ. ಅಮೆರಿಕದಲ್ಲಿ 11 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಸುವ ಶಕ್ತಿ ಕುಂದಿದಷ್ಟೂ ಹೃದಯ ಮತ್ತು ರಕ್ತನಾಳದ ಅವಘಡಗಳು, ಆಸ್ಪತ್ರೆ ಸೇರುವುದು, ಸಾವು ಮೂರೂ ಏರುತ್ತಾ ಹೋಗಿದ್ದವು. ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1836ರಷ್ಟು ಹಿಂದೆಯೇ ಕೆಟ್ಟ ಮೂತ್ರಪಿಂಡವಿದ್ದ ದೇಹಗಳಲ್ಲಿ ಹಿಗ್ಗಿದ ಹೃದಯವನ್ನು ಗುರುತಿಸಿದ್ದರು.

ಮಾತ್ರೆಯ ಪರವಾಗಿರುವ ಸಾಕ್ಷ್ಯವೂ ಗಟ್ಟಿಯಾದದ್ದು. 2001ರ ರೆನಾಲ್ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಿದ್ದ 1,513 ಮಂದಿಯಲ್ಲಿ, ಲೊಸಾರ್ಟಾನ್ ಮೂತ್ರಪಿಂಡದ ಸಂಪೂರ್ಣ ವೈಫಲ್ಯವನ್ನು ಶೇ 28ರಷ್ಟು ತಗ್ಗಿಸಿತು. ಕಾಯಿಲೆ ತೀರಾ ಮುಂದುವರಿದವರಲ್ಲಿ ಈ ವರ್ಗದ ಮಾತ್ರೆ ನಿಲ್ಲಿಸಿದರೆ ಕಿಡ್ನಿ ಚೇತರಿಸೀತೇ ಎಂಬುದನ್ನೇ ಬ್ರಿಟನ್ನಿನಲ್ಲಿ 411 ರೋಗಿಗಳ ಮೇಲೆ ಪರೀಕ್ಷಿಸಿದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ನಿಲ್ಲಿಸಿದವರಿಗೆ ಮೂರು ವರ್ಷಗಳ ಕೊನೆಯಲ್ಲಿ ಯಾವ ಲಾಭವೂ ಆಗಿರಲಿಲ್ಲ. ನಾನು ಮಾಡಿಕೊಂಡ ಪ್ರಯೋಗಕ್ಕೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಈಗ ನಾನು ಅದೇ ಹಳೆಯ ಮಾತ್ರೆಯ ಜೊತೆಗೆ, ಮೂಲತಃ ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ. 4,304 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಮೂತ್ರಪಿಂಡ ಹದಗೆಡುವ ಮತ್ತು ಮೂತ್ರಪಿಂಡ ಅಥವಾ ಹೃದಯದ ಕಾರಣದಿಂದ ಸಾವು ಬರುವ ಅಪಾಯವನ್ನು ಒಟ್ಟಾಗಿ ಶೇ 39ರಷ್ಟು ಇಳಿಸಿತ್ತು, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಪ್ರಯೋಜನ ಕಂಡಿತ್ತು. ಅದನ್ನು ಆರಂಭಿಸಿದಾಗಲೂ ಸೋಸುವ ಪ್ರಮಾಣ ಮೊದಲು ತುಸು ಕುಸಿಯಿತು. ಈ ಸಲ ನಾನು ಬೆಚ್ಚಲಿಲ್ಲ.

ಒತ್ತಡವನ್ನು ಎಷ್ಟಕ್ಕೆ ಇಳಿಸಬೇಕೆಂಬುದರಲ್ಲೂ ವೈದ್ಯರ ಮಾತಿಗೆ ಕಿವಿಗೊಡಿ. 9,361 ಮಂದಿಯ ಸ್ಪ್ರಿಂಟ್ ಅಧ್ಯಯನದಲ್ಲಿ, ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಡುವ ಗುರಿಯಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು ಶೇ 25ರಷ್ಟು ಕಡಿಮೆಯಾದವು ಎಂದು 2015ರಲ್ಲಿ ತಿಳಿದುಬಂತು. ಆದರೆ ಅದೇ ಗುಂಪಿನಲ್ಲಿ ಒತ್ತಡ ಅತಿಯಾಗಿ ಇಳಿಯುವುದು, ಪ್ರಜ್ಞೆ ತಪ್ಪುವುದು, ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬೀಳುವುದು ಹೆಚ್ಚಾಗಿತ್ತು, ಸಕ್ಕರೆ ಕಾಯಿಲೆಯವರನ್ನು ಅದಕ್ಕೆ ಸೇರಿಸಿಯೇ ಇರಲಿಲ್ಲ. ಅಳತೆಯೂ ಅಲ್ಲಿ ಕಟ್ಟುನಿಟ್ಟಾಗಿತ್ತು. ನೀವೂ ಬೆನ್ನು ಆನಿಸಿ, ಪಾದ ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕುಳಿತು, ಬರಿ ತೋಳಿಗೆ ಪಟ್ಟಿ ಕಟ್ಟಿ ಅಳೆದುಕೊಳ್ಳಿ.

ನಾಳೆಯೇ ಮೂತ್ರದ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ ಕೇಳಿ ಮಾಡಿಸಿ. ಕ್ರಿಯಾಟಿನಿನ್ ಒಂದನ್ನೇ ನೋಡಿ ಏನನ್ನೂ ತೀರ್ಮಾನಿಸಬೇಡಿ. ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಇನ್ನೊಮ್ಮೆ ನೋಡಿಸಿ. ಏರಿಕೆ ಶೇ 30 ದಾಟಿದರೆ ಮೂತ್ರಪಿಂಡದ ಧಮನಿ ಕಿರಿದಾಗಿದೆಯೇ, ದೇಹದಲ್ಲಿ ನೀರು ಕಡಿಮೆಯಾಗಿದೆಯೇ ಎಂದು ವೈದ್ಯರು ಹುಡುಕಬೇಕಾಗುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನುಂಗಬೇಡಿ. ಅವು ರಕ್ತ ತರುವ ನಾಳವನ್ನು ಕಿರಿದಾಗಿಸುತ್ತವೆ, ಟೆಲ್ಮಿಸಾರ್ಟಾನ್ ಒಯ್ಯುವ ನಾಳವನ್ನು ಹಿಗ್ಗಿಸುತ್ತದೆ, ಎರಡೂ ಕೂಡಿದರೆ ಸೋಸುವಿಕೆ ಒಮ್ಮೆಲೇ ಕುಸಿಯಬಹುದು. ಸೋಡಿಯಂ ಕಡಿಮೆಯಿರುವ ಉಪ್ಪನ್ನು ಆರೋಗ್ಯಕ್ಕೆ ಒಳ್ಳೆಯದೆಂದು ಯಾರಾದರೂ ಹೇಳಿದರೂ ವೈದ್ಯರನ್ನು ಕೇಳದೆ ಬಳಸಬೇಡಿ, ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ವಾಂತಿ, ಭೇದಿ ಜೋರಾಗಿ ಮೈಯ ನೀರು ಬತ್ತಿದ ದಿನಗಳಲ್ಲಿ ಈ ಮಾತ್ರೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವಂತೆ ಅನೇಕ ವೈದ್ಯರು ಹೇಳುತ್ತಾರೆ. ಯಾವಾಗ ತಡೆಹಿಡಿಯಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂಬುದನ್ನು ಮುಂದಿನ ಭೇಟಿಯಲ್ಲೇ ಅವರಿಂದ ಬರೆಸಿಕೊಳ್ಳಿ.